ಮೆಹಬೂಬಸಾಬ ತಂದ ಮಾತು

ಯಲಬುರ್ಗಾದ ಅಂದಪ್ಪ ಮಾಸ್ತರರಿಗೆ ಇಂಗ್ಲಿಷಿನ ಹುಚ್ಚು. ಹನ್ನೊಂದು ವರ್ಷದಿಂದ ಇಂಗ್ಲಿಷ್-ಕನ್ನಡ ಪದಕೋಶವೊಂದನ್ನು ಕೈಯಾರೆ ಬರೆಯುತ್ತಿದ್ದರು. ಊರಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ, ಆ ಮಾತು ಬೇರೆ. ೧೯೩೮ರ ಆಷಾಢದಲ್ಲಿ ಅವರು ‘ಹಾರ್ಕ್’ ಎಂಬ ಹಳೆಯ ಶಬ್ದಕ್ಕೆ ಬಂದು ನಿಂತಿದ್ದರು. ಕೊಪ್ಪಳದಿಂದ ತರಿಸಿದ ದಪ್ಪ ನಿಘಂಟು ಅದರ ಹುಟ್ಟನ್ನು ಬಿಡಿಸಿ ಹೇಳಿತ್ತು: ಕೇಳು ಎನ್ನುವ ‘ಹಿಯರ್’ಗೆ, ಒಂದು ಕೆಲಸವನ್ನು ಬಿಡದೆ ಮಾಡುತ್ತಲೇ ಇರುವುದನ್ನು ಸೂಚಿಸುವ ‘ಕ್’ ಎಂಬ ಬಾಲ ಸೇರಿದ್ದು, ‘ಟೆಲ್’ ಇದ್ದದ್ದು ‘ಟಾಕ್’ ಆದ ಹಾಗೆ. ಸುಮ್ಮನೆ ಕಿವಿಗೆ ಬೀಳುವುದಲ್ಲ, ಕಿವಿಗೊಟ್ಟು ಕೇಳುತ್ತಲೇ ಇರುವುದು. ಮಾಸ್ತರರಿಗೆ ಹೋಳಿಗೆ ಉಂಡಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಬಳೆಗಾರ ಮೆಹಬೂಬಸಾಬ ಬಂದು ಕಟ್ಟೆಯ ಮೇಲೆ ಬಳೆಯ ಮಲಾರ ಇಳಿಸಿದ. ಹೆಣ್ಣುಮಕ್ಕಳ ಸುದ್ದಿಯನ್ನು ತವರಿಗೆ ಮುಟ್ಟಿಸುವವನು ಅವನೇ. ಮಾಸ್ತರರ ಒಬ್ಬಳೇ ಮಗಳು, ತಾಯಿಯಿಲ್ಲದ ಕಳಕಮ್ಮ, ಹನುಮಸಾಗರದ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ.

“ಮಾಸ್ತರ್ರೀ, ಈಗಿಂದೀಗ ಬಂದು ಕರಕೊಂಡು ಹೋಗ್ರಿ ಅಂತ ಮಗಳು ಹೇಳಿ ಕಳಿಸ್ಯಾಳ. ಹೋದ ತಿಂಗಳು ಆದ ಬಳಿ ಈ ಸಲ ಏರಲಿಲ್ರಿ. ಕೈ ಭಾಳ ಬಾತಾವ. ಬಸುರ್ಯಾರ ಕೈ ನಾ ಎಷ್ಟ ನೋಡಿಲ್ಲ, ಇದು ಛಲೋ ಅಲ್ರಿ.”

“ಪಂಚಮಿಗೆ ಬರ್ತೀನಂತ ಬೀಗರಿಗೆ ಮಾತು ಕೊಟ್ಟೇನಿ. ಬಸುರ್ಯಾಗ ಕೈಮೈ ತುಂಬತಾವ ಬಿಡು,” ಎಂದರು ಮಾಸ್ತರರು, ಹಾಳೆಯಿಂದ ಕಣ್ಣೆತ್ತದೆ.

ಅವನು ಇನ್ನೊಮ್ಮೆ ಹೇಳಿದ. ಮಾಸ್ತರರು ಕೈಯೆತ್ತಿ ತಡೆದು, ‘ಆಲಿಸು’ ಎಂದು ದುಂಡಗೆ ಬರೆದರು. ಎಂಥ ಮನುಷ್ಯನಪ್ಪ!

ಹನ್ನೆರಡನೆಯ ದಿನ ಕಳಕಮ್ಮ ಕೈಕಾಲು ಸೆಟೆದು ಸೆಳವು ಬಂದು, ಹೊಟ್ಟೆಯ ಕೂಸಿನೊಂದಿಗೇ ಹೋದಳು. ಸುದ್ದಿ ಬಂದು ಮಾಸ್ತರರು ಬಂಡಿಯಲ್ಲಿ ಹನುಮಸಾಗರ ಮುಟ್ಟಿದಾಗ ಅವಳ ಹೆಣವನ್ನು ಪಡಸಾಲೆಯಲ್ಲಿ ಕೂಡಿಸಿದ್ದರು. ಬಾತ ಆ ಕೈಗಳನ್ನು ಹಿಡಿದುಕೊಂಡು ಮಾಸ್ತರರು ಎಳೆಮಗುವಿನಂತೆ ಅತ್ತರು.

ಅವಳ ಅತ್ತೆ ವಿರೂಪಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ದಿನಾ ಹಾದಿ ನೋಡತಿದ್ದಳ್ರಿ, ಬೀಗರ್ರೀ. ‘ನಮ್ಮಪ್ಪಗ ಗೊತ್ತಾಗಿದ್ರ ನಿಂತ ಕಾಲಮ್ಯಾಲೆ ಓಡಿ ಬರ್ತಿದ್ದ, ಆ ಬಳಿಗಾರನೇ ಹೇಳೂದು ಮರತಾನ’ ಅಂತ ಕಡೀತನಕಾ ಅವಗ ಬೈದಳ್ರಿ.”

ಮಂದಿಯೆಲ್ಲ, ಸುದ್ದಿ ಕೇಳಿ ಬಂದು ಬಾಗಿಲ ಬಳಿ ನಿಂತಿದ್ದ ಮೆಹಬೂಬಸಾಬನ ಕಡೆ ತಿರುಗಿದರು. ಅವನು ಮಾಸ್ತರರ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ.

“ಹೌದ್ರಿ. ಮರತೆ,” ಎಂದ.

ಅದು ಸುಳ್ಳೆಂದು ಹೇಳಲು ಮಾಸ್ತರರು ಬಾಯಿ ತೆರೆದರು. ಮಗಳ ಕೈ ನೋಡಿ ಮತ್ತೆ ಮುಚ್ಚಿದರು. ಹೆಂಗಸರು ಮೆಹಬೂಬಸಾಬನಿಗೆ ಹಿಡಿಹಿಡಿ ಶಾಪ ಹಾಕಿದರು, ಮಾಸ್ತರರು ಹಾಕಲು ಬಿಟ್ಟರು.