ಪಾದುಕೆ ಗಿಡಗಳ ವರದಿ

ಅತ್ತೆ ನನ್ನ ಮೇಲಿನ ದೂರನ್ನು ನಾನು ಕೆಲಸ ಮಾಡುವ ಲ್ಯಾಬಿಗೇ ಅಂಚೆಯಲ್ಲಿ ಕಳಿಸಿದ್ದರು.

ನಮ್ಮದು ವಿಶ್ವವಿದ್ಯಾಲಯದ ಸಸ್ಯರೋಗ ಪರೀಕ್ಷೆಯ ಕೊಠಡಿ. ಯಾರು ಬೇಕಾದರೂ ರೋಗ ಬಂದ ಎಲೆಯನ್ನು ಒಂದು ಫಾರಂ ಜೊತೆ ಕವರಿನಲ್ಲಿ ಹಾಕಿ ಕಳಿಸಬಹುದು. ರೋಗ ಯಾವುದು, ಮದ್ದೇನು ಎಂದು ನಾವು ಬರೆದು ತಿಳಿಸುತ್ತೇವೆ. ಆ ದಿನದ ಕವರುಗಳನ್ನು ಅಟೆಂಡರ್ ಒಂದೊಂದಾಗಿ ಒಡೆದು ನನ್ನ ಮೇಜಿನ ಮೇಲಿಡುತ್ತಿದ್ದರು. ನಾಲ್ಕನೆಯದರ ಫಾರಂ ಓದಿ ನಕ್ಕರು.

"ಕೇಳಿ ಮೇಡಂ, ‘ಇತರ ಮಾಹಿತಿ’ ಕಾಲಮ್ಮಿನಲ್ಲಿ ಏನು ಬರೆದಿದಾರೆ. ‘ಮನೆಯಲ್ಲಿ ಇದೇ ವಿಷಯ ಓದಿದವರು ಒಬ್ಬರಿದ್ದಾರೆ. ಅವರಿಂದ ಪ್ರಯೋಜನವಿಲ್ಲ.’"

"ಇರ್ತಾರೆ ಅಂಥವರು," ಅಂದೆ.

ಫಾರಂ ಕೈಗೆ ಬಂದಾಗ ಅಕ್ಷರದ ಗುರುತು ಸಿಕ್ಕಿತು. ಮೂವತ್ತೆರಡು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಪಳಗಿದ ದುಂಡು ಅಕ್ಷರ. ಹೆಸರಿನ ಜಾಗದಲ್ಲಿ ‘ಒಬ್ಬ ನಿವೃತ್ತ ಶಿಕ್ಷಕಿ’ ಎಂದಷ್ಟೇ ಇತ್ತು. ವಿಳಾಸ ಮಾತ್ರ ಸರಿಯಾಗಿ ನಮ್ಮದೇ; ಉತ್ತರ ಬರಬೇಕಲ್ಲ.

ಎಲೆ ನನ್ನ ಗಂಡನ ಸ್ಲಿಪ್ಪರ್ ಆರ್ಕಿಡ್ಡಿನದು. ಹೂವಿನ ಕೆಳಗಿನ ದಳ ಚಪ್ಪಲಿಯ ಮೂತಿಯಂತೆ ಗುಂಡಗಿರುವುದರಿಂದ ಆ ಹೆಸರು. ಹೂವನ್ನು ಚಪ್ಪಲಿ ಅನ್ನಲು ಅತ್ತೆಗೆ ಬಾಯಿ ಬರುವುದಿಲ್ಲ, ಪಾದುಕೆ ಗಿಡ ಅನ್ನುತ್ತಾರೆ. ಅವನು ತೀರಿಕೊಂಡಾಗ ಮುಂದಿನ ಕೋಣೆಯ ಕಿಟಕಿಯಲ್ಲಿ ಹನ್ನೆರಡು ಕುಂಡಗಳಿದ್ದವು. ವರ್ಷ ತುಂಬುವ ಮೊದಲೇ ಎಂಟಾದವು. ಅತ್ತೆಗೆ ಮಗ ಅಂತ ಉಳಿದಿರುವುದು ಆ ಎಂಟೇ. ನನಗೆ ಏನು ಉಳಿದಿದೆ ಎಂದು ನಾನು ನೋಡಿಕೊಂಡಿಲ್ಲ.

ಎಲೆಯ ಮೇಲೆ ಕಲೆ ಬಿದ್ದಿದೆ ನೋಡು ಎಂದು ಅವರು ಮೊದಲು ಹೇಳಿದ್ದು ಐದು ತಿಂಗಳ ಹಿಂದೆ. ನೋಡ್ತೀನಿ ಅಂದಿದ್ದೆ. ಆಮೇಲೂ ಕೇಳಿದರು, ಆಮೇಲೂ ನೋಡ್ತೀನಿ ಅಂದೆ. ಅದೇ ಕಿಟಕಿಯನ್ನು ದಾಟಿ ದಿನವೂ ಊರವರ ಎಲೆ ನೋಡಲು ಹೊರಡುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೀಪ ಹಚ್ಚಿಯೇ ಇರಲಿಲ್ಲ.

ಹಾಗೆಂದು ವೈದ್ಯರಿಗೇನೂ ಬರವಿರಲಿಲ್ಲ. ನಾದಿನಿ ಫೋನಿನಲ್ಲೇ ನಾಡಿ ಹಿಡಿದು ಬಿಸಿಲು ಜಾಸ್ತಿಯಾಗಿದೆ ಅಂದಳು, ಪರದೆ ಎಳೆಸಿದಳು. ನರ್ಸರಿಯವನು ಬೂಷ್ಟು ಅಂದ, ಒಂದು ಬಾಟಲಿ ಕೊಟ್ಟ. ನಾಲ್ಕು ಗಿಡಗಳು ಎಲ್ಲರ ಮಾತನ್ನೂ ಕೇಳಿಕೊಂಡು ಸತ್ತವು.

ಬಿಸಿಲಿನ ಕಲೆಯಾದರೆ ಒಣಗಿರುತ್ತದೆ. ಇದು ಕಂದು ಬಣ್ಣದ, ನೀರು ಹಿಡಿದಂಥ ಕಲೆ, ಸುತ್ತ ಹಳದಿ ಉಂಗುರ. ಅಂಚಿನ ಒಂದು ಚೂರನ್ನು ಕೊಯ್ದು ನೀರಿನ ಹನಿಯಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೊಯ್ದ ಜಾಗದಿಂದ ಹೊಗೆಯಂಥ ಎಳೆಯೊಂದು ನೀರಿಗೆ ಹರಿಯತೊಡಗಿತು. ಬೂಷ್ಟಾದರೆ ಹೀಗೆ ಹರಿಯುವುದಿಲ್ಲ. ಬ್ಯಾಕ್ಟೀರಿಯಾ. ಹತ್ತು ನಿಮಿಷದ ಕೆಲಸ.

ಅದು ಹರಡಿದ್ದು ಹೇಗೆ ಎಂಬುದನ್ನು ‘ಆರೈಕೆ’ ಕಾಲಮ್ಮಿನಲ್ಲಿ ಅತ್ತೆಯೇ ಬರೆದಿದ್ದರು: ‘ಪ್ರತಿದಿನ ಬೆಳಿಗ್ಗೆ ಬಟ್ಟಲಿನ ನೀರಿಗೆ ಬಟ್ಟೆ ಅದ್ದಿ ಎಲ್ಲ ಎಲೆಗಳನ್ನೂ ಎರಡೂ ಬದಿ ಒರೆಸಲಾಗುತ್ತದೆ. ಹುಷಾರಿಲ್ಲದ ಗಿಡಗಳಿಗೆ ಮೊದಲ ಸರದಿ.’

ಶಾಲೆಯಲ್ಲೂ ಅವರದು ಇದೇ ಪದ್ಧತಿ. ಹಿಂದುಳಿದ ಮಕ್ಕಳಿಗೆ ಮುಂದಿನ ಬೆಂಚು, ಮೊದಲ ಪಾಠ. ಅದರಿಂದ ಎಷ್ಟೋ ಮಕ್ಕಳು ಉದ್ಧಾರವಾಗಿದ್ದಾರೆ. ಕಿಟಕಿಯಲ್ಲಿ ಮಾತ್ರ ರೋಗದ ಎಲೆ ಒರೆಸಿದ ಬಟ್ಟೆ ಅದೇ ಬಟ್ಟಲಲ್ಲಿ ಮುಳುಗಿ ಎದ್ದು ಗಟ್ಟಿಮುಟ್ಟಾದ ಎಲೆಗೆ ಹೋಗುತ್ತಿತ್ತು. ಅಷ್ಟು ಶ್ರದ್ಧೆಯಿಂದ, ಒಂದು ದಿನವೂ ತಪ್ಪದೆ ರೋಗ ಹಂಚುವುದು ಯಾವ ಹುಳದ ಕೈಯಲ್ಲೂ ಆಗದು.

ವರದಿ ಬರೆಯುತ್ತ ‘ಹರಡಲು ಕಾರಣ’ ಎಂಬಲ್ಲಿ ಪೆನ್ನು ನಿಂತಿತು. ಮಗನ ಗಿಡಗಳನ್ನು ಕೊಂದದ್ದು ತನ್ನ ಕೈ ಎಂದು ತಿಳಿದರೆ ಆಕೆ ತಡೆದುಕೊಳ್ಳುತ್ತಾರೋ ಇಲ್ಲವೋ. ಗೊತ್ತಾಗಿಲ್ಲ ಎಂದು ಬರೆದರೆ ನಾಳೆಯೂ ಬಟ್ಟಲಿಗೆ ನೀರು ಬೀಳುತ್ತದೆ. ‘ಒದ್ದೆ ಬಟ್ಟೆ’ ಎಂದು ಬರೆದೆ. ಅಂಚೆಯಲ್ಲಿ ಹೋದರೆ ನಾಲ್ಕು ದಿನ, ಅಂದರೆ ಇನ್ನೂ ನಾಲ್ಕು ಸಲ ಒರೆಸುವುದು. ವರದಿಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೊರಟೆ.

ಅತ್ತೆ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ನಿಂತೇ ಓದಿದರು. ಇದು ನಿನ್ನ ಕೈಗೆ ಹೇಗೆ ಬಂತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಬಟ್ಟೆಯಿಂದಲೇ ಅಂತ ಖಾತ್ರಿನಾ?"

"ಖಾತ್ರಿ, ಅತ್ತೆ."

"ಅಂದ್ರೆ ನನ್ನ ಕೈಯಿಂದ."

"ನಿಮ್ಮ ಕೈಯಿಂದ ಹರಡ್ತು. ನಾನು ನೋಡದೆ ಬಿಟ್ಟಿದ್ದಕ್ಕೆ ಹರಡ್ತಾನೇ ಹೋಯ್ತು."

"ಅದನ್ನ ಬರೆದಿಲ್ಲವಲ್ಲ ಇದರಲ್ಲಿ."

"ಅದಕ್ಕೆ ಕಾಲಂ ಇಲ್ಲ."

"ನಾನು ಜಾಗ ಮಾಡ್ಕೊಂಡು ಬರೆದಿದ್ದೆ," ಅಂದರು.

ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕುಂಡಗಳನ್ನು ದೂರ ದೂರ ಇಟ್ಟೆವು. ನಾನು ಬ್ಲೇಡನ್ನು ಬೆಂಕಿಗೆ ಹಿಡಿದು, ಕಲೆಯಿಂದ ಒಂದು ಬೆರಳಗಲ ಒಳಗೆ, ಹಸಿರಿನಲ್ಲೇ ಎಲೆ ಕತ್ತರಿಸಬೇಕು. ಪ್ರತಿ ಸಲ ಬ್ಲೇಡನ್ನು ಮತ್ತೆ ಸುಡಬೇಕು. ಕೊಯ್ದ ಅಂಚು ಒಣಗಲೆಂದು ಚಕ್ಕೆ ಪುಡಿ ಮೆತ್ತುವುದು ಅವರ ಪಾಲಿಗೆ. ಇನ್ನು ಮುಂದೆ ನೀರು ಬುಡಕ್ಕೆ ಮಾತ್ರ, ಎಲೆಗೆ ಹನಿಯೂ ಬೀಳಬಾರದು, ಕಿಟಕಿ ತೆರೆದು ಗಾಳಿ ಆಡಿಸಬೇಕು ಅಂದೆ. ಆರು ವರ್ಷ ಓದಿ ಕಲಿತದ್ದು ಅಡುಗೆಮನೆ ಡಬ್ಬಿಯಲ್ಲೇ ಇತ್ತಲ್ಲ ಎಂದು ಅವರು ಡಬ್ಬಿಯ ಮುಚ್ಚಳ ತೆಗೆದರು.

ಮೊದಲು ಕೈಗೆತ್ತಿಕೊಂಡ ಕುಂಡದಲ್ಲಿ ಕಲೆ ನಡುವಿನ ಚಿಗುರಿಗೇ ಇಳಿದಿತ್ತು. ಬೆರಳು ತಾಗಿಸಿದರೆ ಮೆತ್ತಗೆ ಜಾರಿತು.

"ಇದಕ್ಕೆ?" ಅಂದರು ಅತ್ತೆ.

"ಇದಕ್ಕೆ ಮದ್ದಿಲ್ಲ."

ಅವರು ಕುಂಡವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಅದರ ಚಿಗುರು ನೋಡುತ್ತಲೇ ಕೇಳಿದರು.

"ಆವಾಗಲೂ ನಿನಗೆ ಗೊತ್ತಿತ್ತಾ?"

ಕೇಳಿದ್ದು ಗಿಡದ ಬಗ್ಗೆ ಅಲ್ಲ. ಮಗ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ, ದಿನಕ್ಕೊಂದು ಸಲ, ಡಾಕ್ಟರ್ ಏನಂದ್ರು ಎಂದು ಅವರು ಕೇಳಿದ್ದರು. ಅವನ ವರದಿಯನ್ನು ನಾನು ಮೊದಲ ದಿನವೇ ಓದಿದ್ದೆ. ಹನ್ನೊಂದು ದಿನವೂ, ನೋಡೋಣ ಅತ್ತೆ, ಅಂದಿದ್ದೆ.

"ಗೊತ್ತಿತ್ತು," ಅಂದೆ.

ಅವರು ಎದ್ದು ಒಂದು ಪ್ಲಾಸ್ಟಿಕ್ ಕವರು ತಂದು, ಕುಂಡ ಸಮೇತ ಗಿಡವನ್ನು ಅದರಲ್ಲಿಳಿಸಿ, ಬಾಯಿ ಬಿಗಿದು ಎರಡು ಗಂಟು ಹಾಕಿದರು. ಕೈ ತೊಳೆದು ಬಂದು ಕೂತರು.

"ಉಳಿದ ಏಳು?"

"ಉಳ್ಕೋತವೆ ಅನ್ಸುತ್ತೆ."

"ಅನ್ಸುತ್ತೋ, ಗೊತ್ತೋ?"

ಮುಂದಿನ ಕುಂಡವನ್ನು ಬೆಳಕಿಗೆ ತಿರುಗಿಸಿ ಚಿಗುರನ್ನು ಒತ್ತಿ ನೋಡಿದೆ. ಗಟ್ಟಿಯಾಗಿತ್ತು.

"ಇದೊಂದು ಗೊತ್ತು," ಅಂದೆ. "ಎಲೆ ಹಿಡ್ಕೊಳ್ಳಿ."