ಹಿಮದಡಿಯ ಮೂಲಂಗಿ

ನೆರೆಯ ಹಾತ್ಸು ಅಜ್ಜಿ ಬಿದಿರು ಗಳವನ್ನು ಹಿಮದೊಳಗೆ ನಾಲ್ಕನೆಯ ಸಲ ಚುಚ್ಚಿ, ತಿರುಗಿಸಿ, ಎಳೆದುಕೊಂಡಳು. ತುದಿಗೆ ಬರೀ ಕರಿಮಣ್ಣು. ಮೂಲಂಗಿ ಹೂಳುವ ಗುಂಡಿಗೆ ಹೊದಿಸುವ ಹುಲ್ಲಿನ ಒಂದು ಎಳೆಯೂ ಅಂಟಿರಲಿಲ್ಲ.

"ಇಲ್ಲೂ ಇಲ್ಲ ಕಣೇ. ನಿಮ್ಮತ್ತೆ ಮೂಲಂಗಿ ಹೂತಿದ್ದಾಳೋ, ಚಿನ್ನ ಹೂತಿದ್ದಾಳೋ?"

ಮಿತ್ಸುಯೊ ಕಪ್ಪು ಕಿಮೊನೊ ಉಟ್ಟು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಒಳಗೆ ನಡುಮನೆಯಲ್ಲಿ ಅವಳ ಅತ್ತೆ ಕಿಯೊನೊ ಪೆಟ್ಟಿಗೆಯಲ್ಲಿ ಮಲಗಿದ್ದಳು. ಎಂಬತ್ತಾರು ವರ್ಷ ಈ ಬೆಟ್ಟದ ಬುಡದಲ್ಲೇ ಕಳೆದ ಜೀವ. ಹತ್ತಕ್ಕೆ ಗುರುಗಳು ಮಂತ್ರ ಶುರು ಮಾಡುತ್ತಾರೆ, ಹನ್ನೊಂದಕ್ಕೆ ಚಿತಾಗಾರದ ಗಾಡಿ ಹೊರಡುತ್ತದೆ. ಹೋದವರು ಹಿಂದಿರುಗುವಷ್ಟರಲ್ಲಿ ಊಟ ಸಿದ್ಧವಿರಬೇಕು.

ಸಾವಿನ ಮನೆಯ ಒಲೆಯನ್ನು ಮನೆಯವರು ಮುಟ್ಟುವುದಿಲ್ಲ. ನೆರೆಯ ಹೆಂಗಸರೇ ಬಂದು ಬೇಯಿಸುತ್ತಾರೆ. ಆದರೆ ಪಾತ್ರೆಗೆ ಬೀಳುವ ಮೂಲಂಗಿ ಮಾತ್ರ ಸತ್ತವರ ತೋಟದ್ದೇ ಆಗಿರಬೇಕು. ಯಾಕೆ ಎಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಹಾಗಂತ ಅಂಗಡಿ ಮೂಲಂಗಿ ತಂದು ಬೇಯಿಸಿ ನೋಡಿ, ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಎರಡು ದಿನದಿಂದ ಸಮುದ್ರದ ಕಡೆಯ ಗಾಳಿ ಬೀಸಿ, ಆಳೆತ್ತರ ಹಿಮ ಸುರಿದಿತ್ತು. ತೋಟ ಎನ್ನುವುದೇ ಉಳಿದಿರಲಿಲ್ಲ. ಬೇಲಿ, ಈರುಳ್ಳಿ ಮಡಿ, ಸೌತೆಯ ಚಪ್ಪರ, ಕಿಯೊನೊ ಕೂರುತ್ತಿದ್ದ ಕಲ್ಲು ಎಲ್ಲ ಸೇರಿ ಒಂದೇ ಬಿಳಿ ದಿಬ್ಬ. ಕಾಕಿ ಹಣ್ಣಿನ ಮರದ ಮೇಲಿನ ಕವಲೊಂದು ಹೊರಗಿತ್ತು. ನೋಡಲು ಎಷ್ಟು ಚೆಂದವಿತ್ತೆಂದರೆ, ಮಿತ್ಸುಯೊಗೆ ಅದರ ಮೇಲೆ ಸಿಟ್ಟು ಬಂತು.

"ಗುರುತಿಗೆ ಗಳ ನೆಟ್ಟಿರ್ಲಿಲ್ವಾ?" ಎಂದಳು ಹಾತ್ಸು ಅಜ್ಜಿ.

"ನೆಟ್ಟಿದ್ರು. ಈ ಸಲ ಉದ್ದದ್ದು ಎತ್ತೋಕೆ ಆಗ್ಲಿಲ್ಲ, ಸೊಂಟದುದ್ದದ್ದು ನೆಟ್ರು. ನಾನು ತಂದ್ಕೊಡ್ತೀನಿ ಅಂದೆ. ನಿನ್ನ ಕೆಲಸ ನೋಡು ಅಂದ್ರು."

ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದ ಪಕ್ಕದ ಮನೆಯ ನಾಮಿ, ಕೇಳಲಿ ಎಂದೇ ಗಟ್ಟಿಯಾಗಿ ಅಂದಳು: "ಮೂವತ್ತೊಂದು ವರ್ಷ ಈ ಮನೇಲಿ ಅನ್ನ ತಿಂದವಳಿಗೆ ಮೂಲಂಗಿ ಎಲ್ಲಿದೆ ಅಂತ ಗೊತ್ತಿಲ್ಲ ಅಂದ್ರೆ, ಇವಳನ್ನ ಸೊಸೆ ಅನ್ಬೇಕೋ, ನೆಂಟಳು ಅನ್ಬೇಕೋ."

ಮಿತ್ಸುಯೊಳ ಗಂಡ ತಾಮೊತ್ಸು ಮೆಲ್ಲಗೆ ಬಂದು, "ಪೇಟೆಗೆ ಹೋಗಿ ತಂದುಬಿಡ್ಲಾ?" ಎಂದ.

"ಸುಮ್ನಿರಿ ನೀವು," ಎಂದಳು ಅವಳು. ನಾಮಿ ಅಂದದ್ದು ಅವಳ ಎದೆಗೆ ನಾಟಿತ್ತು, ಏಕೆಂದರೆ ಅದೇ ಪ್ರಶ್ನೆಯನ್ನು ಅವಳೂ ಮೂವತ್ತೊಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದಳು.

*

ಮದುವೆಯಾಗಿ ಬಂದ ಮೊದಲ ಚಳಿಗಾಲ ಅತ್ತೆಗೆ ಜ್ವರ ಬಂದಿತ್ತು. ಮಿತ್ಸುಯೊ ಹುರುಪಿನಿಂದ ತೋಟಕ್ಕಿಳಿದು, ಹಿಮ ತೋಡಿ, ಐದು ಮೂಲಂಗಿ ಕಿತ್ತು ತಂದಳು. ಗುಂಡಿಯ ಬಾಯಿ ಮುಚ್ಚಲಿಲ್ಲ. ಅವಳ ತವರು ದಕ್ಷಿಣದ ಕಡಲ ತೀರ. ಅಲ್ಲಿ ಚಳಿಗಾಲವೆಲ್ಲ ಮೂಲಂಗಿ ನೆಲದಲ್ಲೇ ನಿಂತಿರುತ್ತದೆ, ಬೇಕಾದಾಗ ಕಿತ್ತರಾಯಿತು. ಹಿಮವೇ ಅದನ್ನು ಬೆಚ್ಚಗಿಡುವ ಹೊದಿಕೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಗುಂಡಿಯಲ್ಲಿ ಉಳಿದಿದ್ದ ಅರವತ್ತು ಮೂಲಂಗಿಗಳೂ ಸೆಟೆದು ಕಲ್ಲಾಗಿದ್ದವು. ವಾರದಲ್ಲಿ ಕೊಳೆತು ನೀರಾದವು. ಆ ವರ್ಷ ವಸಂತದವರೆಗೂ ಮನೆಯವರು ಉಪ್ಪಿನಲ್ಲಿಟ್ಟ ಸೊಪ್ಪು ತಿಂದೇ ದಿನ ದೂಡಿದರು.

"ಇನ್ನು ಆ ತೋಟಕ್ಕೆ ಕಾಲಿಡಬೇಡ," ಎಂದಿದ್ದಳು ಕಿಯೊನೊ.

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಮಿತ್ಸುಯೊಳ ಎರಡು ಹೆರಿಗೆಯಲ್ಲೂ ಗಂಜಿ ಕಾಯಿಸಿ ಚಮಚದಲ್ಲಿ ಕುಡಿಸಿದವಳು ಅವಳೇ. ಸೊಸೆಯ ತಂದೆ ಸತ್ತಾಗ ಒಂದಿಡೀ ದಿನದ ರೈಲಿನಲ್ಲಿ ಪಕ್ಕದಲ್ಲೇ ಕೂತು ಬಂದವಳೂ ಅವಳೇ. ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಸೊಸೆ ಕೇಳಲೂ ಇಲ್ಲ. ಪ್ರತಿ ಚಳಿಗಾಲ ಅತ್ತೆ ಹಿಮ ತೋಡುತ್ತಿದ್ದಳು, ಸೊಸೆ ಒಳಗೆ ಅಕ್ಕಿ ತೊಳೆಯುತ್ತ ಕಿಟಕಿಯಿಂದ ನೋಡುತ್ತಿದ್ದಳು.

ಕೊನೆಯ ದಿನ ಉಸಿರು ಏರಿದಾಗ ಅತ್ತೆಯ ತುಟಿ ಅಲುಗಿತು. ಈಗಲಾದರೂ ಹೇಳುತ್ತಾಳೆ ಎಂದು ಮಿತ್ಸುಯೊ ಬಾಯಿಗೆ ಕಿವಿ ಹಚ್ಚಿದಳು.

"ಕಿಟಕಿ ಹಾಕು. ಚಳಿ," ಎಂದಳು ಕಿಯೊನೊ.

*

ಹಾತ್ಸು ಅಜ್ಜಿ ಐದನೆಯ ಸಲವೂ ಚುಚ್ಚಿ ಸೋತಳು. ಮಿತ್ಸುಯೊ ತಟ್ಟನೆ ಒಳಗೆ ಹೋದಳು. ಒಲೆಯ ಹತ್ತಿರ ಸುಳಿಯದೆ, ಅಕ್ಕಿ ತೊಳೆಯುವ ತೊಟ್ಟಿಯ ಮುಂದೆ ನಿಂತು ಕಿಟಕಿ ಸರಿಸಿದಳು.

"ಅಜ್ಜೀ, ಸ್ವಲ್ಪ ಎಡಕ್ಕೆ ಬನ್ನಿ."

"ಇಲ್ಲೇನಾ?"

"ಇನ್ನೂ ಎರಡು ಹೆಜ್ಜೆ. ಹಿಂದಕ್ಕೆ. ಈಗ ಬಗ್ಗಿ."

"ಬಗ್ಗೋದ್ಯಾಕೆ?"

"ಅತ್ತೆ ಬಗ್ಗಿದಾಗ ಕಾಕಿ ಮರದ ಆ ಕವಲು ಅವರ ಬೆನ್ನ ಮೇಲೆ ಕೂತ ಹಾಗೆ ಕಾಣ್ತಿತ್ತು. ಇನ್ನೂ ಸ್ವಲ್ಪ. ಹಾಂ, ಅಲ್ಲೇ."

"ಎಪ್ಪತ್ತೆಂಟಕ್ಕೆ ನನ್ನ ಬೆನ್ನು ಅಳತೆಕೋಲು ಆಯ್ತು ನೋಡು," ಎಂದು ಗೊಣಗುತ್ತ ಅಜ್ಜಿ ಗಳ ಇಳಿಸಿದಳು. ಎಳೆದಾಗ ತುದಿಗೆ ಹಸಿ ಹುಲ್ಲು ಅಂಟಿಕೊಂಡು ಬಂತು. ನಾಮಿ ತಲೆ ತಗ್ಗಿಸಿಕೊಂಡು ಕ್ಯಾರೆಟ್ ಹೆಚ್ಚಿದಳು.

ತಾಮೊತ್ಸು ಗುಂಡಿ ತೋಡಿದ. ಹುಲ್ಲು ಸರಿಸಿದಾಗ ಮೂಲಂಗಿಗಳು ಸಾಲಾಗಿ ಮಲಗಿದ್ದವು, ತಲೆಯಲ್ಲಿ ಹಳದಿ ಚಿಗುರು ಹೊತ್ತುಕೊಂಡು.

"ಮಿತ್ಸುಯೊ, ಬಾ ಇಲ್ಲಿ. ನೀನೇ ಕೀಳು," ಎಂದಳು ಅಜ್ಜಿ.

"ನಾನು ಬರಬಾರ್ದು. ನಿಮಗೆ ಗೊತ್ತಲ್ಲ."

"ಗೊತ್ತು. ಸಿಟ್ಟಿನ ಬಿಸಿಯಲ್ಲಿ ಅಂದುಬಿಟ್ಟಳು. ಆಮೇಲೆ ನನ್ನ ಹತ್ರ ಎಷ್ಟು ಸಲ ಹೇಳಿದಾಳೆ, 'ಅವಳು ಒಂದ್ಸಲ ಕೇಳ್ಲಿ ಹಾತ್ಸು, ತೋಟ ಅವಳ ಕೈಗೆ ಕೊಡ್ತೀನಿ' ಅಂತ."

"ಅವರು ಕರೀಲಿ ಅಂತ ನಾನು ಕಾಯ್ತಿದ್ದೆ," ಎಂದಳು ಮಿತ್ಸುಯೊ. ಮೂರು ದಿನದಿಂದ ಬಾರದಿದ್ದ ಅಳು ಈಗ ಬಂತು.

"ಅತ್ತೆಗೆ ತಕ್ಕ ಸೊಸೆ," ಎಂದು ಅಜ್ಜಿ ಕೈ ಚಾಚಿದಳು.

ಮಿತ್ಸುಯೊ ಕಿಮೊನೊ ಎತ್ತಿ ಕಟ್ಟಿ, ಹಿತ್ತಿಲ ಬಾಗಿಲು ದಾಟಿ ಗುಂಡಿಗೆ ಇಳಿದಳು. ಗುಂಡಿಯೊಳಗೆ ಗಾಳಿಯಿರಲಿಲ್ಲ, ಬೆಚ್ಚಗೇ ಇತ್ತು. ಇಪ್ಪತ್ತು ಮೂಲಂಗಿ ಕಿತ್ತು ಮೇಲೆ ಕೊಟ್ಟಳು. ಅಷ್ಟರಲ್ಲಿ ಒಳಗಿನಿಂದ ಗಂಟೆ ಕೇಳಿಸಿತು.

"ಗುರುಗಳು ಕೂತ್ರು. ಬಾ, ಗುಂಡಿ ನಾನು ಸಂಜೆ ಮುಚ್ತೀನಿ," ಎಂದ ತಾಮೊತ್ಸು.

"ಹಾಗೆ ಬಿಡೋಕಾಗಲ್ಲ. ನೀವು ಹೋಗಿ."

ಅವಳು ಹುಲ್ಲು ಹಾಸಿದಳು. ಮಣ್ಣನ್ನು ಕೈಯಿಂದಲೇ ಎಳೆದೆಳೆದು ಮುಚ್ಚಿದಳು. ಮೇಲೆ ಹಿಮ ತುಂಬಿ, ಎಲ್ಲೂ ಸಂದು ಉಳಿಯದಂತೆ ತುಳಿದಳು. ಒಳಗೆ ಮಂತ್ರ ನಡೆದೇ ಇತ್ತು. ಸೊಸೆಯ ಜಾಗ ಖಾಲಿಯಿದ್ದುದನ್ನು ಬಂದ ನೆಂಟರೆಲ್ಲ ನೋಡಿದರು.

ಅವಳು ಒಳಗೆ ಬಂದಾಗ ಎಲ್ಲರೂ ಪೆಟ್ಟಿಗೆಯಲ್ಲಿ ಹೂವಿಡುತ್ತಿದ್ದರು. ಕೈ ತೊಳೆಯಲು ಹೊತ್ತಿರಲಿಲ್ಲ. ಬಿಳಿ ಸೇವಂತಿಗೆಯೊಂದನ್ನು ಅತ್ತೆಯ ಕೆನ್ನೆಗೆ ಒರಗಿಸಿ, ಜಾರಿದ್ದ ಕೊರಳಪಟ್ಟಿಯನ್ನು ಸರಿಪಡಿಸಿದಳು. ಅಚ್ಚ ಬಿಳಿ ಬಟ್ಟೆಯ ಮೇಲೆ ಅವಳ ಹೆಬ್ಬೆರಳಿನ ಗುರುತು ಕರ್ರಗೆ ಮೂಡಿತು.

ತಾಮೊತ್ಸು ಒರೆಸಲೆಂದು ಕರವಸ್ತ್ರ ತೆಗೆದ.

"ಇರ್ಲಿ ಬಿಡಿ," ಎಂದಳು ಮಿತ್ಸುಯೊ. "ಅವರ ತೋಟದ್ದೇ."

ಮುಚ್ಚಳ ಇಳಿಸಿದಾಗಲೂ ಆ ಮಣ್ಣು ಇನ್ನೂ ಹಸಿಯಾಗಿತ್ತು.