ಹವಳಕ್ಕೆಲ್ಲಿಯ ಶ್ರಾವಣ

ಶ್ರಾವಣದ ಮಳೆ ಹಿಡಿದಿತ್ತು. ಪಣಜಿಯ ಮನೆಯೊಂದರಲ್ಲಿ ನೆಲ ಒರೆಸುತ್ತಿದ್ದ ನೀಲವ್ವ, ಮೂರು ವಾರ ಆಸ್ಪತ್ರೆಯಲ್ಲಿದ್ದು ಮರಳಿದ ಒಡತಿ ಫಿಲೋಮಿನಾ ಗಾಜಿನ ತೊಟ್ಟಿಯೆದುರು ನಿಂತದ್ದನ್ನು ಕಂಡು ಎದ್ದಳು. ಬೇರೆ ಹವಳಗಳಂತೆ ಬೆಳಕಿನಿಂದ ಬದುಕದ, ಒಂದೊಂದು ಬಾಯಿಗೂ ಸಿಗಡಿಯ ಚೂರು ಉಣಿಸಬೇಕಾದ ಕಿತ್ತಳೆ ಬಣ್ಣದ ಜೀವಂತ ಹವಳ ಹಸಿದು ಬೆಳ್ಳಗಾಗಿತ್ತು. ಅದಕ್ಕೆ ಉಣಿಸುವ ಕೆಲಸವನ್ನು ಒಡತಿ ನೀಲವ್ವನಿಗೆ ಒಪ್ಪಿಸಿ ಹೋಗಿದ್ದಳು.

"ಶ್ರಾವಣದಾಗ ನಾವು ಸಿಗಡಿ ಮುಟ್ಟೂದಿಲ್ರೀ ಬಾಯಾರ. ದಿನಾ ಅನ್ನದ ಅಗಳು ಹಾಕೇನ್ರಿ, ಖರೇನ."

"ಅದಕ್ಕೆ ಎಲ್ಲಿಯ ಶ್ರಾವಣ, ನೀಲವ್ವ?"

ಒಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಹೋದ ವರ್ಷ ನೀಲವ್ವನ ಮಗಳು ಕಾಮಾಲೆಯಲ್ಲಿ ಮಲಗಿದಾಗ ತಿಂಗಳಿಡೀ ಗಂಜಿ ಉಣಿಸಿದವಳು ಈ ಒಡತಿಯೇ.

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು ಫ್ರಿಜ್ಜಿನಿಂದ ಸಿಗಡಿ ತೆಗೆದಳು. ಇನ್ನೂ ಬಣ್ಣ ಉಳಿದಿದ್ದ ಒಂದೇ ಒಂದು ಹವಳದ ಬಾಯಿಯ ಬಳಿ ಚೂರು ಹಿಡಿದಳು.

"ಉಣ್ಣ, ನನ್ನವ್ವಾ."

ಮೊಣಕೈ ತನಕ ಕೈಯನ್ನು ನೀರಲ್ಲಿಟ್ಟು ಬಹಳ ಹೊತ್ತು ಕಾದಳು. ಆ ಬಾಯಿ ತೆರೆಯಲಿಲ್ಲ.